ಥರ್ಮಾಕೋಲ್‌ನಿಂದ ಕಂಚಿನವರೆಗೆ: ಸಿನಿಮಾ ಸೆಟ್‌ನ ಶಿಲ್ಪಿಯೊಬ್ಬನ ಮೊದಲ ಎರಕ

ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಬಹುಕಾಲದಿಂದ ದುಡಿಯುತ್ತಿರುವ ಹಿರಿಯ ಹೆಣ್ಣುಮಗಳೊಬ್ಬರ ಎದೆಮಟ್ಟದ ಶಿಲ್ಪವನ್ನು ಕಂಚಿನಲ್ಲಿ ಎರಕ ಹೊಯ್ಯಿಸಿ, ಕಲ್ಲಿನ ಪೀಠದ ಮೇಲೆ ಕೂರಿಸುವ ಕೆಲಸವನ್ನು ಈ ತಿಂಗಳು ಮುಗಿಸಿದೆ. ಹೊಟ್ಟೆಪಾಡಿಗೆ ನಾನು ಮಾಡುವುದು ಸಿನಿಮಾ ಸೆಟ್‌ಗಳ ಮೂರ್ತಿ ಕೆಲಸ. ಕಂಚು ನನ್ನ ಸ್ವಂತ ಹಂಬಲ. ದೃಶ್ಯಕಲೆ ಓದುತ್ತಿರುವ ಹುಡುಗರು ಮತ್ತು ಸೆಟ್‌ಗಳಲ್ಲಿ ನನ್ನ ಜೊತೆ ದುಡಿಯುವ ಗೆಳೆಯರು ಎಷ್ಟು ಖರ್ಚಾಯಿತು, ಯಾರನ್ನು ಹಿಡಿಯಬೇಕು, ಯಾವ ಕಾಗದ ಬೇಕು ಎಂದು ಕೇಳುತ್ತಲೇ ಇರುವುದರಿಂದ, ನೆನಪು ಹಸಿಯಾಗಿರುವಾಗಲೇ ಎಲ್ಲವನ್ನೂ ಅನುಕ್ರಮವಾಗಿ ಬರೆದಿಡುತ್ತಿದ್ದೇನೆ. ಮಣ್ಣಿನಲ್ಲಿ ಮುಖ ಮೂಡಿಸುವುದು ಇದರಲ್ಲಿ ಸಣ್ಣ ಪಾಲು. ಹಣ, ಹವಾಮಾನ ಮತ್ತು ಕಾಗದಪತ್ರ, ಇವು ಮೂರೇ ಹೆಚ್ಚು ಕಾಲ ತಿಂದವು.

ಮೊದಲು ಸೆಟ್ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಕಂಚಿನ ಕೆಲಸದಲ್ಲಿ ನನಗೆ ಎದುರಾದ ಅನುಕೂಲ ಮತ್ತು ಅಡಚಣೆ ಎರಡೂ ಅಲ್ಲಿಂದಲೇ ಬಂದವು. ಕಲಾ ನಿರ್ದೇಶಕರಿಂದ ಕರೆ ಬರುತ್ತದೆ. ಬೆಂಗಳೂರು, ಹೈದರಾಬಾದ್, ಕೆಲವೊಮ್ಮೆ ಚೆನ್ನೈ. ಒಂದು ರೇಖಾಚಿತ್ರ, ಈಚೀಚೆಗೆ ಕಂಪ್ಯೂಟರ್‌ನಲ್ಲಿ ಮಾಡಿದ ಮಾದರಿ, ಅದರ ಜೊತೆಗೆ ಒಂದು ಗಡುವು. ದೊಡ್ಡ ಮೂರ್ತಿಗಳನ್ನು ಥರ್ಮಾಕೋಲ್ ದಿಮ್ಮಿಗಳನ್ನು ಒಂದಕ್ಕೊಂದು ಅಂಟಿಸಿ, ಕಾಯಿಸಿದ ತಂತಿಯಿಂದ ಒರಟಾಗಿ ಕತ್ತರಿಸಿ, ಚಾಕು ಮತ್ತು ಉಜ್ಜುಗಾಗದದಿಂದ ರೂಪಕ್ಕೆ ತರುತ್ತೇವೆ. ಅದರ ಮೇಲೆ ಪಿಒಪಿಯಲ್ಲಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ, ಅದ್ದಿದ ಬಟ್ಟೆಯ ಪದರ, ಆಮೇಲೆ ಬಣ್ಣ. ಹೊಸಬರು ತಿಳಿದಿರಬೇಕಾದ ಮಾತೊಂದಿದೆ: ಥರ್ಮಾಕೋಲ್ ಮೇಲೆ ಪಾಲಿಯೆಸ್ಟರ್ ರೆಸಿನ್ ಎಂಬ ಗಟ್ಟಿಯಾಗುವ ದ್ರವ ರಾಳವನ್ನು ನೇರವಾಗಿ ಹಚ್ಚಿದರೆ ಅದು ಥರ್ಮಾಕೋಲನ್ನು ಕರಗಿಸಿಬಿಡುತ್ತದೆ, ಆದ್ದರಿಂದ ನಡುವೆ ಪಿಒಪಿಯದೋ ಎಪಾಕ್ಸಿ ಎಂಬ ಇನ್ನೊಂದು ಬಗೆಯ ರಾಳದ್ದೋ ಒಂದು ತಡೆಪದರ ಇರಲೇಬೇಕು. ಹೆಚ್ಚು ದಿನ ಬಾಳಬೇಕಾದ ಅಥವಾ ಹಲವು ಪ್ರತಿ ಬೇಕಾದ ಮೂರ್ತಿಗಳನ್ನು ಮಣ್ಣಿನಲ್ಲಿ ಮಾಡಿ, ಅಚ್ಚು ತೆಗೆದು, ಗಾಜಿನ ನಾರಿನ ಮ್ಯಾಟ್ ಮತ್ತು ರೆಸಿನ್ ಹಾಕಿ ಫೈಬರ್‌ನಲ್ಲಿ ತೆಗೆಯುತ್ತೇವೆ.

ಚಿತ್ರದುರ್ಗದ ಕೋಟೆಯಂಥ ಸಂರಕ್ಷಿತ ಸ್ಮಾರಕದಲ್ಲಿ ಚಿತ್ರೀಕರಣಕ್ಕೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕು. ಅನುಮತಿ ಸಿಕ್ಕರೂ ಅಲ್ಲಿನ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಕಲ್ಲಿಗೆ ಬಣ್ಣ ತಾಗಿಸುವಂತಿಲ್ಲ. ಹಾಗಾಗಿ ಕದನ, ಬೆಂಕಿ, ಕುಸಿಯುವ ಬಾಗಿಲು ಇಂಥವೆಲ್ಲ ಸೆಟ್‌ನಲ್ಲೇ ಆಗುತ್ತವೆ. ನಾನು ದುರ್ಗದ ಬಂಡೆಗಳ ಒರಟು ಮೈಯನ್ನು, ಕೋಟೆಯ ಸುತ್ತಿನ ಕಲ್ಲುಗಳ ಜೋಡಣೆಯನ್ನು ಹತ್ತಿರದಿಂದ ನೋಡಿ ಬಂದು ಥರ್ಮಾಕೋಲ್‌ನಲ್ಲಿ ಕೆತ್ತಿದ್ದೇನೆ. ಸೆಟ್‌ನಲ್ಲಿ ಅದಕ್ಕೆ ಒಳ್ಳೆಯ ಮಾತು ಬಂತು. ಚಿತ್ರೀಕರಣ ಮುಗಿದ ವಾರದಲ್ಲೇ ಅದನ್ನು ಒಡೆದು ಲಾರಿಗೆ ತುಂಬಿದರು. ಇದರಲ್ಲಿ ದೂರುವಂಥದ್ದೇನೂ ಇಲ್ಲ. ಆ ವಸ್ತುವಿನ ಆಯುಷ್ಯವೇ ಅಷ್ಟು, ಅದಕ್ಕೆ ಕೂಲಿಯೂ ಸಿಕ್ಕಿದೆ. ಆದರೆ ಕ್ಯಾಮೆರಾಕ್ಕೆ ಕಾಣುವ ಮುಖವನ್ನಷ್ಟೇ ಮುಗಿಸಿ, ಬೆನ್ನನ್ನು ಮರದ ಪಟ್ಟಿ ಹೊಡೆದು ಹಾಗೇ ಬಿಡುವ ಅಭ್ಯಾಸದಲ್ಲೇ ವರ್ಷಗಳು ಕಳೆದಾಗ, ಸುತ್ತಲೂ ತಿರುಗಿ ನೋಡಬಹುದಾದ ಒಂದು ಮೂರ್ತಿಯನ್ನಾದರೂ ಮಾಡಬೇಕೆಂಬ ಆಸೆ ಹುಟ್ಟುವುದು ಸಹಜ.

ಯಾರ ಮೂರ್ತಿ ಎಂಬ ಪ್ರಶ್ನೆ ನನ್ನನ್ನು ಹೆಚ್ಚು ಕಾಡಲಿಲ್ಲ. ನಾನು ಬೆಳೆದದ್ದು ಭಟ್ಟಿಗಳ ಪಕ್ಕದಲ್ಲಿ. ಬತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಹಾಕಿ, ಕೊನೆಗೆ ಕಾದ ಮರಳಿನಲ್ಲಿ ಹುರಿದರೆ ಮಂಡಕ್ಕಿಯಾಗುತ್ತದೆ. ಊರಿನ ಮಂಡಕ್ಕಿ-ಮಿರ್ಚಿಯ ಹೆಸರನ್ನು ಎಲ್ಲರೂ ಬಲ್ಲರು, ಹುರಿಯುವವರ ಮುಖವನ್ನು ಬಲ್ಲವರು ಕಡಿಮೆ. ನಾನು ಆರಿಸಿಕೊಂಡ ಅಮ್ಮನವರು ಬೆಳಗಿನ ಜಾವವೇ ಒಲೆಯ ಮುಂದೆ ಕೂರುವವರು. ಕೇಳಿದಾಗ ಅವರು ನಕ್ಕು, "ನನ್ನ ಮುಖದಾಗೇನೈತಪ್ಪಾ, ಬರೀ ಹೊಗಿ ಐತಿ" ಎಂದರು. ಒಪ್ಪಿಸಲು ಅವರ ಮಗಳು ನೆರವಾದಳು. ಭಟ್ಟಿ ಆರಿದ ಮೇಲೆ ಮಧ್ಯಾಹ್ನದ ಹೊತ್ತು ಮಾತ್ರ ಕೂರುತ್ತೇನೆ, ಕೂತಾಗ ಎಲೆ ಅಡಿಕೆ ಬಿಡಲಾರೆ ಎಂಬುದು ಅವರ ಷರತ್ತು. ದವಡೆ ಸದಾ ಆಡುತ್ತಿರುವ ಮುಖವನ್ನು ಮಣ್ಣಿನಲ್ಲಿ ಹಿಡಿಯುವುದು ಎಷ್ಟು ಕಷ್ಟವೆಂಬುದು ಆಮೇಲೆ ತಿಳಿಯಿತು.

ಇಲ್ಲಿ ಮೊದಲ ಕಾಗದ. ಬದುಕಿರುವವರ ಮೂರ್ತಿ ಮಾಡುವಾಗ ಒಪ್ಪಿಗೆಪತ್ರವನ್ನು ಬರೆಸಿಕೊಳ್ಳಿ. ಮೂರ್ತಿ ಎಲ್ಲಿ ಇರಬಹುದು, ಪ್ರದರ್ಶನಕ್ಕೆ ಕಳಿಸಬಹುದೇ, ಪ್ರತಿಗಳನ್ನು ಮಾರಿದರೆ ಅವರಿಗೆ ಏನು ಸಲ್ಲಬೇಕು ಎಂಬುದನ್ನು ಅವರ ಮನೆಯವರ ಮುಂದೆ ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು. ಅಮ್ಮನವರಿಗೆ ಕೂತ ಹೊತ್ತಿನ ಕೂಲಿಯನ್ನೂ ಕೊಟ್ಟೆ. ಮೊದಲು ಬೇಡವೆಂದರು, ಆಮೇಲೆ ತೆಗೆದುಕೊಂಡರು.

ಹಣದ ವಿಷಯಕ್ಕೆ ಬರುತ್ತೇನೆ. ಸೆಟ್ ಕೆಲಸದಲ್ಲಿ ದಿನಗೂಲಿಯೋ ಗುತ್ತಿಗೆಯೋ ಇರುತ್ತದೆ. ಗುತ್ತಿಗೆಯ ಕೊನೆಯ ಕಂತು ಯಾವಾಗ ಕೈಗೆ ಬರುತ್ತದೆಂದು ಹೇಳಲಾಗದು. ಅಂಥ ಆದಾಯವನ್ನು ನಂಬಿ ಕಂಚಿಗೆ ಕೈ ಹಾಕಲು ಧೈರ್ಯ ಸಾಲಲಿಲ್ಲ. ಆಗ ಗೆಳೆಯನೊಬ್ಬ ಕೈಕಸುಬಿನವರಿಗೆ ನೆರವಾಗುವ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯನ್ನು ನೆನಪಿಸಿದ. 2023ರ ಸೆಪ್ಟೆಂಬರ್ 17ರಂದು ಶುರುವಾದ ಈ ಯೋಜನೆಯಲ್ಲಿ 18 ಕಸುಬುಗಳಿವೆ. ಮೂರ್ತಿಕಾರರು ಮತ್ತು ಕಲ್ಲು ಕೆತ್ತುವವರು ಅದರಲ್ಲಿ ಸೇರಿದ್ದಾರೆ. ಮೂಲ ತರಬೇತಿ 5ರಿಂದ 7 ದಿನ, ಆ ದಿನಗಳಿಗೆ ತಲಾ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿಯ ವೋಚರ್, ಆಮೇಲೆ ಶೇಕಡಾ 5ರ ಬಡ್ಡಿಯಲ್ಲಿ ಏನನ್ನೂ ಅಡವಿಡದೆ ಮೊದಲ ಕಂತಾಗಿ 1 ಲಕ್ಷ ರೂಪಾಯಿವರೆಗೆ ಸಾಲ, ಅದನ್ನು 18 ತಿಂಗಳಲ್ಲಿ ತೀರಿಸಬೇಕು. ಸರಿಯಾಗಿ ತೀರಿಸಿದವರಿಗೆ ಎರಡನೆಯ ಕಂತಿನಲ್ಲಿ 2 ಲಕ್ಷದವರೆಗೆ ಸಿಗುತ್ತದೆ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ಮನೆಯಲ್ಲಿ ಸರ್ಕಾರಿ ನೌಕರಿಯವರಿದ್ದರೆ ಇಲ್ಲ.

ನೋಂದಣಿಯನ್ನು ಸಾಮಾನ್ಯ ಸೇವಾ ಕೇಂದ್ರದಲ್ಲೇ ಮಾಡಿಸಬೇಕು. ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ ತೆಗೆದುಕೊಂಡು ಹೋದೆ. ಯಂತ್ರದ ಮೇಲೆ ಬೆರಳಿಟ್ಟರೆ ಹೊಂದಾಣಿಕೆಯಾಗಲಿಲ್ಲ. ಒಂದೊಂದಾಗಿ ಎಲ್ಲ ಬೆರಳನ್ನೂ ಇಟ್ಟೆವು, ಆಗಲೂ ಇಲ್ಲ. ಪಿಒಪಿ, ಉಜ್ಜುಗಾಗದ, ರೆಸಿನ್ ಒರೆಸುವ ಥಿನ್ನರ್ ಇವುಗಳ ನಡುವೆಯೇ ಇರುವವನ ಬೆರಳಿನ ಗೆರೆಗಳು ಸವೆದು ಹೋಗಿರುತ್ತವೆ. ಕೇಂದ್ರದ ಹುಡುಗ ತಾಳ್ಮೆಯವನು. ಕೆಲಸಕ್ಕೆ ಕೆಲವು ದಿನ ಬಿಡುವು ಕೊಟ್ಟು, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮತ್ತೆ ಬನ್ನಿ ಅಣ್ಣ ಎಂದ. ಹಾಗೆ ಮಾಡಿದ ಮೇಲೆ ಉಂಗುರದ ಬೆರಳು ಒಪ್ಪಿತು. ನಮ್ಮ ಕಸುಬಿನವರು ಇಂಥ ಕೆಲಸಕ್ಕೆ ಹೋಗುವ ಮುಂಚೆಯೇ ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನು ಹೊಸದಾಗಿ ಕೊಟ್ಟಿರುವುದು ಮೇಲು. ಬ್ಯಾಂಕ್, ಪಡಿತರ, ಸಿಮ್ ಎಲ್ಲ ಕಡೆಯೂ ಇದೇ ತೊಡಕು ಬರುತ್ತದೆ.

ಆಮೇಲೆ ಪರಿಶೀಲನೆ ಮೂರು ಹಂತದಲ್ಲಿ ನಡೆಯುತ್ತದೆ. ಮೊದಲು ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿ, ಪಟ್ಟಣದಲ್ಲಾದರೆ ಸ್ಥಳೀಯ ಸಂಸ್ಥೆ. ನಂತರ ಜಿಲ್ಲಾ ಸಮಿತಿ. ಕೊನೆಗೆ ಆಯ್ಕೆ ಸಮಿತಿ. ನಾನು ಮೂರ್ತಿಕಾರ ಎಂಬುದಕ್ಕೆ ತೋರಿಸಲು ಏನಿದೆ ಎಂದು ಕೇಳಿದಾಗ ನಿಜಕ್ಕೂ ತಬ್ಬಿಬ್ಬಾದೆ. ಮಾಡಿದ ಮೂರ್ತಿಗಳು ಯಾವುವೂ ಉಳಿದಿಲ್ಲ. ಚಿತ್ರ ಬಿಡುಗಡೆಯಾಗುವವರೆಗೆ ಸೆಟ್‌ನ ಫೋಟೊ ಹೊರಗೆ ಬಿಡುವುದಿಲ್ಲ ಎಂದು ಬರೆದುಕೊಟ್ಟಿರುತ್ತೇವೆ. ತೆರೆಯ ಮೇಲಿನ ಹೆಸರುಗಳ ಪಟ್ಟಿಯಲ್ಲಿ ಮೂರ್ತಿ ಮಾಡಿದವರ ಹೆಸರು ಬರುವುದು ಅಪರೂಪ, ಬಂದರೂ ಓದುವಷ್ಟು ಹೊತ್ತು ನಿಲ್ಲದು. ಕೊನೆಗೆ ಕಾಲೇಜಿನ ಅಂಕಪಟ್ಟಿ, ಹಳೆಯ ಕೂಲಿ ಚೀಟಿಗಳು, ಬ್ಯಾಂಕಿಗೆ ಬಂದ ಸಂದಾಯಗಳ ವಿವರ, ಬಿಡುಗಡೆಯಾಗಿ ವರ್ಷಗಳಾದ ಚಿತ್ರಗಳ ಸೆಟ್‌ನಲ್ಲಿ ತೆಗೆದ ಫೋಟೊಗಳು ಇವನ್ನೆಲ್ಲ ಒಟ್ಟುಗೂಡಿಸಿ ಕೊಟ್ಟೆ. ಸೆಟ್‌ನಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ಕೆಲಸ ಮುಗಿದ ದಿನವೇ ಕಲಾ ನಿರ್ದೇಶಕರಿಂದ ಎರಡು ಸಾಲಿನ ಪತ್ರವನ್ನು ಬರೆಸಿಟ್ಟುಕೊಳ್ಳಲಿ. ಬಿಡುವಾದಾಗ ಕೇಳಿದರಾಯಿತು ಎಂದುಕೊಂಡರೆ ಅವರು ಅಷ್ಟರಲ್ಲಿ ಇನ್ನೊಂದು ಊರಿನ ಇನ್ನೊಂದು ಸೆಟ್‌ನಲ್ಲಿರುತ್ತಾರೆ.

ಪರಿಶೀಲನೆ, ತರಬೇತಿ, ಬ್ಯಾಂಕಿನ ಮಂಜೂರಾತಿ ಇವಿಷ್ಟೂ ಮುಗಿಯುವಷ್ಟರಲ್ಲಿ ಚಳಿಗಾಲ ಕಳೆದು ಬಿಸಿಲು ಬಂದಿತ್ತು. ಕಾಯುವ ಕಾಲವನ್ನು ಮಣ್ಣಿಗೆ ಬಳಸಿಕೊಂಡೆ. ನಮ್ಮ ಸೀಮೆಯ ಎರೆಮಣ್ಣು ಒಣಗಿದರೆ ತುಂಬ ಕುಗ್ಗಿ ಬಿರಿಯುತ್ತದೆ, ಮೂರ್ತಿ ಕೆಲಸಕ್ಕೆ ಬಾರದು. ಕುಂಬಾರರಿಂದ ಕೆರೆಯ ಮಣ್ಣನ್ನು ಕೊಂಡು, ನೆನೆಸಿ, ಬಟ್ಟೆಯಲ್ಲಿ ಸೋಸಿ, ನಾದಿ ಇಟ್ಟುಕೊಂಡೆ. ಹಲಗೆಯ ಮೇಲೆ ಕಬ್ಬಿಣದ ಕೊಳವೆ ನಿಲ್ಲಿಸಿ, ತಲೆಯ ಜಾಗದಲ್ಲಿ ಸರಳುಗಳನ್ನು ಬಾಗಿಸಿ ಕಟ್ಟಿ, ಮಣ್ಣು ಜಾರದಂತೆ ತಂತಿಯಲ್ಲಿ ಮರದ ಚೂರುಗಳನ್ನು ಅಡ್ಡಡ್ಡ ಕಟ್ಟಿ ನೇತುಹಾಕಿದೆ. ಸೆಟ್ ಕೆಲಸದ ವೇಗ ಇಲ್ಲಿ ನೆರವಾಯಿತು, ಒರಟು ರೂಪ ಬೇಗನೆ ಬಂತು. ಆದರೆ ಸೆರಗು ಹೊದ್ದ ಬೆನ್ನು, ಕಿವಿಯ ಹಿಂಭಾಗ, ತುರುಬಿನ ಅಡಿ ಇವುಗಳಿಗೆ ಮುಖಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಅಷ್ಟರಲ್ಲಿ ಹೈದರಾಬಾದ್‌ನ ಸೆಟ್‌ಗೆ ಕರೆ ಬಂತು, ದುಡಿಮೆ ಬಿಡುವಂತಿಲ್ಲ. ಒದ್ದೆ ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ದಿನಕ್ಕೊಮ್ಮೆ ನೀರು ಚಿಮುಕಿಸುವ ಹೊಣೆಯನ್ನು ಪಕ್ಕದ ಮನೆಯ ಅಕ್ಕನಿಗೆ ಒಪ್ಪಿಸಿ ಹೋದೆ. ಆಕೆ ಪ್ರತಿದಿನ ಫೋಟೊ ಕಳಿಸಿ, "ತಮ್ಮಾ, ಇವತ್ತು ಮೂಗಿಗೂ ಹಾಕೀನಿ" ಎಂದು ತಿಳಿಸುತ್ತಿದ್ದರು.

ಕಂಚಿನ ಎರಕದ ದಾರಿ ಹೀಗೆ: ಮಣ್ಣಿನ ಮೂರ್ತಿಯಿಂದ ರಬ್ಬರ್ ಅಚ್ಚು, ಅಚ್ಚಿನಿಂದ ಪೊಳ್ಳಾದ ಮೇಣದ ಪ್ರತಿ, ಅದರ ಸುತ್ತ ಕವಚ ಕಟ್ಟಿ ಕಾಯಿಸಿದರೆ ಮೇಣ ಕರಗಿ ಹೋಗುತ್ತದೆ, ಆ ಖಾಲಿ ಜಾಗಕ್ಕೆ ಕಂಚು ಸುರಿಯುತ್ತಾರೆ. ಇದನ್ನು ಮಾಡುವ ಎರಕದ ಮನೆಯನ್ನು ಹುಡುಕುವ ಕೆಲಸವನ್ನು ಮಣ್ಣು ಮುಟ್ಟುವ ಮೊದಲೇ ಮಾಡಿದ್ದೆ, ಎಲ್ಲರಿಗೂ ಅದನ್ನೇ ಹೇಳುತ್ತೇನೆ. ಯಾಕೆಂದರೆ ಮೂರ್ತಿಯನ್ನು ಎಷ್ಟು ತುಂಡು ಮಾಡಿ ಎರೆಯುತ್ತಾರೆ, ಅಚ್ಚನ್ನು ಅವರು ಮಾಡುತ್ತಾರೋ ನಾವು ಕೊಡಬೇಕೋ, ಮೇಣವನ್ನು ಯಾರು ತಿದ್ದುತ್ತಾರೆ ಎಂಬುದರ ಮೇಲೆ ಖರ್ಚೂ ನಿಮ್ಮ ಕೆಲಸವೂ ನಿಂತಿರುತ್ತದೆ. ಶಿವಮೊಗ್ಗದಲ್ಲಿ ಫೌಂಡ್ರಿಗಳು ಸಾಕಷ್ಟಿವೆಯಾದ್ದರಿಂದ ಹತ್ತಿರದಲ್ಲೇ ಆಗಬಹುದೆಂದು ಮೊದಲು ಅಲ್ಲಿಗೆ ಹೋದೆ. ನಾನು ಕಂಡವರೆಲ್ಲ ಮರಳಿನ ಅಚ್ಚಿನಲ್ಲಿ ಯಂತ್ರದ ಬಿಡಿಭಾಗಗಳನ್ನು ಎರೆಯುವವರು. ಮೇಣದ ಕೆಲಸ ನಮ್ಮದಲ್ಲ ಎಂದು ಒಬ್ಬ ಮೇಸ್ತ್ರಿ ನೇರವಾಗಿ ಹೇಳಿ, ಚಹಾ ಕುಡಿಸಿ ಕಳಿಸಿದರು. ಕೊನೆಗೆ ಬೆಂಗಳೂರಿನ ಹೊರವಲಯದಲ್ಲಿ ಮೂರ್ತಿಗಳನ್ನೇ ಎರೆಯುವ ಒಂದು ಮನೆ ಸಿಕ್ಕಿತು.

ದರದ ಬಗ್ಗೆ. ಅವರು ಮುಗಿದ ಮೂರ್ತಿಯ ತೂಕದ ಮೇಲೆ, ಕೂಲಿಯೂ ಸೇರಿ, ಕಿಲೋಗೆ ಒಂದೂವರೆ ಸಾವಿರ ರೂಪಾಯಿಯ ಆಸುಪಾಸು ಹೇಳಿದರು, ಅರ್ಧ ಮುಂಗಡ. ತೂಕವನ್ನು ಮೊದಲೇ ಅಂದಾಜಿಸುವ ದಾರಿಯೊಂದಿದೆ: ಮೇಣದ ಪ್ರತಿಯನ್ನು ತೂಗಿ ಒಂಬತ್ತರಿಂದ ಹತ್ತು ಪಟ್ಟು ಮಾಡಿದರೆ ಕಂಚಿನ ತೂಕ ಸಿಗುತ್ತದೆ, ಕಂಚು ಮೇಣಕ್ಕಿಂತ ಅಷ್ಟು ಭಾರ. ನನ್ನ ಮೇಣದ ಪ್ರತಿ ಮೂರು ಕಿಲೋಗೆ ಸ್ವಲ್ಪ ಕಡಿಮೆ ಇತ್ತು, ಕಂಚು 27 ಕಿಲೋ ಆಯಿತು. ಮೇಣದ ದಪ್ಪ 5 ಮಿಲಿಮೀಟರ್ ಇದ್ದದ್ದು 7 ಆದರೆ ಬಿಲ್ಲು ಎಷ್ಟು ಏರುತ್ತದೆಂದು ನೀವೇ ಲೆಕ್ಕ ಹಾಕಿ. ಹಾಗೆಂದು ತೀರ ತೆಳುವಾಗಿಸಿದರೆ ಲೋಹ ಎಲ್ಲ ಮೂಲೆಗೂ ಹರಿಯುವ ಮುನ್ನವೇ ಹೆಪ್ಪುಗಟ್ಟುತ್ತದೆ. ಮಿಶ್ರಣವನ್ನೂ ಕೇಳಿ ಬರೆಸಿಕೊಳ್ಳಿ. ನನ್ನದಕ್ಕೆ ತಾಮ್ರ 85, ತವರ, ಸತು, ಸೀಸ ತಲಾ 5 ಭಾಗ ಎಂದು ಒಪ್ಪಂದವಾಗಿತ್ತು. ಗುಜರಿಯ ಲೋಹ ಕರಗಿಸಿದರೆ ಅಗ್ಗವಾಗುತ್ತದೆ, ಆದರೆ ಅದರಲ್ಲಿ ಏನು ಬೆರೆತಿದೆಯೆಂದು ಯಾರೂ ಹೇಳಲಾರರು, ಕೊನೆಗೆ ಬಣ್ಣ ಕಟ್ಟುವಾಗ ಒಂದೊಂದು ಜಾಗ ಒಂದೊಂದು ತರ ಆಗುತ್ತದೆ.

ಅಚ್ಚಿನ ಕೆಲಸವನ್ನು ನಾನೇ ಮಾಡಿದೆ. ಸೆಟ್ ಶಿಲ್ಪಿಗೆ ಹಣ ಉಳಿಯುವ ಜಾಗ ಇದೇ. ಸಿಲಿಕಾನ್ ರಬ್ಬರನ್ನು ಮೊದಲು ತೆಳುವಾಗಿ ಕುಂಚದಲ್ಲಿ ಹಚ್ಚಿ, ಚರ್ಮದ ಸುಕ್ಕುಗಳಲ್ಲಿ ಗಾಳಿಗುಳ್ಳೆ ನಿಲ್ಲದಂತೆ ಊದಿ ಒಡೆದು, ಮೇಲಿನ ಪದರಗಳಿಗೆ ತೆಳುಬಟ್ಟೆ ಕೂಡಿಸಿ ದಪ್ಪ ಮಾಡಿದೆ. ಅದರ ಹೊರಗೆ ಬೋಲ್ಟ್ ಹಾಕಿ ಬಿಗಿಯುವ ಎರಡು ಭಾಗದ ಫೈಬರ್ ಕವಚ. ಬೇಸಿಗೆಯಲ್ಲಿ ಸಿಲಿಕಾನ್ ಬಹುಬೇಗ ಗಟ್ಟಿಯಾಗುವುದರಿಂದ ಬೆಳಗಿನ ತಂಪಿನಲ್ಲಿ ಸ್ವಲ್ಪ ಸ್ವಲ್ಪವೇ ಕಲಸಬೇಕು. ಎಣ್ಣೆಮಣ್ಣಿನಲ್ಲಿ, ಅಂದರೆ ನೀರಿನ ಬದಲು ಎಣ್ಣೆಯಲ್ಲಿ ಕಲಸಿದ ಮಣ್ಣಿನಲ್ಲಿ, ಕೆಲಸ ಮಾಡುವವರು ಅದರಲ್ಲಿ ಗಂಧಕ ಇದೆಯೇ ಎಂದು ನೋಡಿಕೊಳ್ಳಿ. ಗಂಧಕ ತಾಗಿದರೆ ಪ್ಲಾಟಿನಂನಿಂದ ಗಟ್ಟಿಯಾಗುವ ಬಗೆಯ ಸಿಲಿಕಾನ್ ಅಂಟಂಟಾಗಿಯೇ ಉಳಿಯುತ್ತದೆ, ಗಟ್ಟಿಯಾಗುವುದಿಲ್ಲ. ನೀರಿನ ಮಣ್ಣಿಗೆ ಆ ಭಯವಿಲ್ಲ. ರೆಸಿನ್ ಬಳಿಯುವಾಗ ಮೂಗಿಗೆ ಸರಿಯಾದ ಮುಖಗವಸು ಹಾಕಿ, ಕರವಸ್ತ್ರ ಕಟ್ಟಿಕೊಂಡರೆ ಸಾಲದು. ರಬ್ಬರು, ರೆಸಿನ್, ಮ್ಯಾಟ್ ಸೇರಿ ಹತ್ತು ಸಾವಿರ ದಾಟಿತು. ಎರಕದ ಮನೆಯವರೇ ಮಾಡಿದ್ದರೆ ಅದರ ಎರಡು ಪಟ್ಟಾಗುತ್ತಿತ್ತು.

ಮೇಣದ ಪ್ರತಿಯನ್ನು ದಾವಣಗೆರೆಯಲ್ಲೇ ತೆಗೆದು ಒಯ್ಯುವ ಯೋಚನೆಯನ್ನು ಬಿಸಿಲು ನೋಡಿ ಕೈಬಿಟ್ಟೆ. ಬೆಂಗಳೂರು ಇಲ್ಲಿಂದ 260 ಕಿಲೋಮೀಟರ್. ಚಿತ್ರದುರ್ಗ, ಹಿರಿಯೂರು, ಶಿರಾ ದಾಟುವಷ್ಟರಲ್ಲಿ ಗಾಡಿಯ ಒಳಗೆ ಮೇಣದ ಕುತ್ತಿಗೆ ಬಾಗಿಬಿಡುವ ಕಾವು. ಅದರ ಬದಲು ರಬ್ಬರ್ ಅಚ್ಚನ್ನು ಕವಚದೊಳಗೇ ಬಿಗಿದು ಒಯ್ದು, ಅಲ್ಲಿಯೇ ಮೇಣ ಸುರಿದು, ಪದರ ಕಟ್ಟಿ ಬಿಡಿಸಿದೆ. ಆಮೇಲೆ ಎರಕದ ಮನೆಯ ಮೂಲೆಯೊಂದರಲ್ಲಿ ಕೂತು ಮೇಣವನ್ನು ತಿದ್ದಿದೆ. ಜೋಡಣೆಯ ಗೆರೆ ಅಳಿಸುವುದು, ಕಣ್ಣರೆಪ್ಪೆಯ ಅಂಚನ್ನು ಚೂಪು ಮಾಡುವುದು, ಮೂಗುಬಟ್ಟನ್ನು ಬಿಡಿಸುವುದು ಎಲ್ಲ ಮೇಣದಲ್ಲೇ ಸುಲಭ. ಇದೇ ಕೆಲಸವನ್ನು ಕಂಚಿನಲ್ಲಿ ಮಾಡಹೊರಟರೆ ಉಳಿ ಮತ್ತು ಗ್ರೈಂಡರ್ ಹಿಡಿದು ದಿನಗಟ್ಟಲೆ ಕೂರಬೇಕು. ಮುಖದ ವಿಷಯದಲ್ಲಿ ಈ ತಿದ್ದುವಿಕೆಯನ್ನು ಬೇರೆಯವರಿಗೆ ಬಿಡಬೇಡಿ. ಅಲ್ಲಿನ ಕುಶಲಕರ್ಮಿ ಒಳ್ಳೆಯವರೇ, ಆದರೆ ಅವರ ಕೈ ಗುಡಿಯ ವಿಗ್ರಹಗಳಿಗೆ ಪಳಗಿದ್ದು. ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅಮ್ಮನವರ ಕೆನ್ನೆಯ ಗುಳಿಯನ್ನು ತುಂಬಿ ನುಣುಪು ಮಾಡಿದ್ದರು. ಮತ್ತೆ ಬಿಡಿಸಿದೆ.

ಮೇಣ ಸಿದ್ಧವಾದ ಮೇಲೆ ಅದಕ್ಕೆ ಲೋಹ ಹರಿಯುವ ಮೇಣದ ಕೊಳವೆಗಳನ್ನೂ ಗಾಳಿ ಹೋಗುವ ದಾರಿಗಳನ್ನೂ ಜೋಡಿಸುತ್ತಾರೆ. ಒಳಗಿನ ಪೊಳ್ಳಿಗೆ ಪಿಒಪಿ ಮತ್ತು ಸುರ್ಕಿ, ಅಂದರೆ ಇಟ್ಟಿಗೆಯ ಪುಡಿ, ಇವುಗಳ ಮಿಶ್ರಣವನ್ನು ತುಂಬಿ, ಮೇಣ ಕರಗಿ ಹೋದಾಗ ಒಳಗಿನ ಗಡ್ಡೆ ಕದಲದಂತೆ ಅಲ್ಲಲ್ಲಿ ಮೊಳೆಗಳನ್ನು ಚುಚ್ಚಿ, ಹೊರಗೂ ಅದೇ ಮಿಶ್ರಣದ ದಪ್ಪ ಕವಚ ಕಟ್ಟುತ್ತಾರೆ. ಇದನ್ನು ಒಲೆಯಲ್ಲಿಟ್ಟು ಮೇಣ ಪೂರ್ತಿ ಇಳಿದು ಸುಟ್ಟುಹೋಗುವವರೆಗೆ, ಕವಚದಲ್ಲಿ ತೇವದ ಸುಳಿವೂ ಉಳಿಯದವರೆಗೆ ಕಾಯಿಸಬೇಕು. ಕಂಚನ್ನು ಸುರಿಯುವುದು 1,100 ಡಿಗ್ರಿ ಸೆಲ್ಸಿಯಸ್‌ನ ಮೇಲಿನ ಶಾಖದಲ್ಲಿ. ಆಗ ಒಳಗೆ ತೇವವಿದ್ದರೆ ಅದು ಒಮ್ಮೆಲೇ ಹಬೆಯಾಗಿ ಕವಚವನ್ನೇ ಸಿಡಿಸುತ್ತದೆ, ಹತ್ತಿರ ನಿಂತವರ ಜೀವಕ್ಕೇ ಅಪಾಯ.

ನನ್ನ ಸರದಿ ಬರುವ ಹೊತ್ತಿಗೆ ಸರಿಯಾಗಿ ಮುಂಗಾರು ಹಿಡಿಯಿತು. ಎರೆಯುವ ಗುಂಡಿಯಲ್ಲಿ ನೀರು ಜಿನುಗತೊಡಗಿತು, ಒಲೆಯ ಕಟ್ಟಿಗೆ ಹಸಿಯಾಯಿತು, ಕವಚಗಳು ಒಣಗಲಿಲ್ಲ. ಮಾಲೀಕರು ಮಳೆ ಬಿಡುವವರೆಗೆ ಎರೆಯುವುದಿಲ್ಲ ಎಂದರು. ಸಾಲದ ಕಂತು ಮಾತ್ರ ತಿಂಗಳು ತಿಂಗಳೂ ಕಟ್ಟಾಗುತ್ತಲೇ ಇತ್ತು. ಆಗ ಸಿಟ್ಟು ಬಂದದ್ದು ನಿಜ, ಆದರೆ ಅವರು ನಿಂತದ್ದೇ ಸರಿ. ಅವಸರಕ್ಕೆ ಒಪ್ಪಿ ಹಸಿ ಕವಚಕ್ಕೆ ಲೋಹ ಸುರಿಯುವವರ ಹತ್ತಿರ ನೀವು ಹೋಗಬೇಡಿ. ಸಾಧ್ಯವಿದ್ದರೆ ಎರಕ ದೀಪಾವಳಿಯಿಂದ ಯುಗಾದಿಯ ಒಳಗೆ ಬೀಳುವಂತೆ ಕೆಲಸವನ್ನು ಹಿಂದಿನಿಂದ ಲೆಕ್ಕ ಹಾಕಿ ಹೊಂದಿಸಿಕೊಳ್ಳಿ.

ಎರೆಯುವ ದಿನ ನಾನು ಹೋದೆ. ಕಂಚು ಕರಗಿಸಿದ ಮೂಸೆಯನ್ನು ಇಬ್ಬರು ಇಕ್ಕಳದಲ್ಲಿ ಎತ್ತಿ, ಒಬ್ಬರು ಮೇಲಿನ ಕಲ್ಮಶವನ್ನು ತಡೆಹಿಡಿದು, ಒಂದೇ ಧಾರೆಯಲ್ಲಿ ನಿಲ್ಲಿಸದೆ ಸುರಿದರು. ಗಾಳಿಯ ಕೊಳವೆಗಳಲ್ಲಿ ಲೋಹ ಮೇಲೆದ್ದು ಕಾಣಿಸಿದರೆ ಒಳಗೆ ತುಂಬಿದೆ ಎಂದರ್ಥ. ಕಾಣಿಸಿತು. ಮರುದಿನ ಕವಚ ಒಡೆದಾಗ ಮುಖ, ತುರುಬು, ಹೆಗಲು ಚೆನ್ನಾಗಿಯೇ ಬಂದಿದ್ದವು. ಎಡಗಡೆಯ ಸೆರಗಿನ ಮಡಿಕೆಯಲ್ಲಿ ಮಾತ್ರ ಅಂಗೈಯಗಲ ಲೋಹ ಹರಿದೇ ಇರಲಿಲ್ಲ, ಅದರ ಪಕ್ಕದಲ್ಲಿ ಎರಡು ಕಡೆಯಿಂದ ಬಂದ ಲೋಹ ಬೆಸೆಯದೆ ಒಂದು ಗೆರೆಯಾಗಿ ನಿಂತಿತ್ತು. ಇಂಥ ಕೊರತೆ ಎರಕದಲ್ಲಿ ಆಗುವಂಥದ್ದೇ, ಎದೆಗುಂದಬೇಕಾಗಿಲ್ಲ. ಅಚ್ಚು ನನ್ನ ಬಳಿ ಇದ್ದುದರಿಂದ ಆ ಭಾಗದ ಮೇಣವನ್ನಷ್ಟೇ ಮತ್ತೆ ತೆಗೆದು, ಬೇರೆಯಾಗಿ ಎರೆದು, ಆರ್ಗಾನ್ ವೆಲ್ಡಿಂಗ್‌ನಲ್ಲಿ ಕೂಡಿಸಿದರು. ಬೆಸುಗೆಗೆ ಮೂರ್ತಿಯದೇ ಲೋಹದ ಕಡ್ಡಿ ಬಳಸಿ ಎಂದು ಒತ್ತಿ ಹೇಳಿ, ಇಲ್ಲವಾದರೆ ಬಣ್ಣ ಕಟ್ಟಿದಾಗ ಬೆಸುಗೆ ಎದ್ದು ಕಾಣುತ್ತದೆ. ಇದರ ಖರ್ಚು ಯಾರದು ಎಂಬುದನ್ನು ಒಪ್ಪಂದದಲ್ಲೇ ಬರೆದಿದ್ದರಿಂದ ವಾದ ಬೆಳೆಯಲಿಲ್ಲ.

ಕೊಳವೆಗಳನ್ನು ಕತ್ತರಿಸಿ, ಮೊಳೆಯ ತೂತುಗಳನ್ನು ಮುಚ್ಚಿ, ಉಳಿಯಿಂದ ಮೈಯ ಹದ ಕೂಡಿಸಿದ ಮೇಲೆ ಬಣ್ಣ ಕಟ್ಟುವುದು. ಬ್ಲೋ ಲ್ಯಾಂಪ್‌ನಿಂದ ಕಂಚನ್ನು ಬಿಸಿ ಮಾಡಿ ರಾಸಾಯನಿಕವನ್ನು ಕುಂಚದಲ್ಲಿ ತಾಗಿಸುತ್ತಾರೆ: ಗಂಧಕದ ಲವಣ ಕಂದಿನಿಂದ ಕಪ್ಪಿನವರೆಗೆ, ಫೆರಿಕ್ ನೈಟ್ರೇಟ್ ಕೆಂಗಂದು, ತಾಮ್ರದ ನೈಟ್ರೇಟ್ ಹಸಿರು. ಹಸಿರು ಹಾಕಿದರೆ ಪುರಾತನವಾಗಿ ಕಾಣುತ್ತದೆ ಎಂದು ಅಲ್ಲಿಯವರು ಒತ್ತಾಯಿಸಿದರು. ಹೊಸ ವಸ್ತುವನ್ನು ಹಳೆಯದಾಗಿ ತೋರಿಸುವ ಕೆಲಸ ನಾನು ಸೆಟ್‌ನಲ್ಲಿ ಬೇಕಾದಷ್ಟು ಮಾಡಿದ್ದೇನೆ, ಇಲ್ಲಿ ಬೇಡವೆಂದೆ. ಕೆಂಗಂದನ್ನೇ ಇಟ್ಟು ಮೇಲೆ ಮೇಣ ಹಚ್ಚಿ ಒರೆಸಿದೆವು.

ಸಾಗಾಣಿಕೆಗೂ ಕಾಗದ ಬೇಕು. 50,000 ರೂಪಾಯಿಗಿಂತ ಹೆಚ್ಚಿನ ಮೌಲ್ಯದ ಸರಕಿಗೆ ಇ-ವೇ ಬಿಲ್, ಅಂದರೆ ಜಿಎಸ್‌ಟಿಯ ಸಾಗಣೆ ಪತ್ರ, ಕೇಳುತ್ತಾರೆ. ನನ್ನದು ಎರಕದ ಬಿಲ್ಲಿನ ಪ್ರಕಾರ ಅದರೊಳಗೇ ಇತ್ತು. ಆದರೂ ಬಿಲ್ಲು, ಎರಕದ ಮನೆಯ ಪತ್ರ, ಮೂರ್ತಿಯ ಫೋಟೊ ಮೂರನ್ನೂ ಚಾಲಕನ ಕೈಗೆ ಕೊಟ್ಟೆ. ಮೂರ್ತಿ ಕಳವಿನ ಸುದ್ದಿಗಳ ಕಾಲದಲ್ಲಿ, ರಾತ್ರಿ ಗಾಡಿಯಲ್ಲಿ ಲೋಹದ ಮುಖವೊಂದು ಕಂಡರೆ ಪೊಲೀಸರು ನಿಲ್ಲಿಸದೆ ಇರುವುದಿಲ್ಲ. ತುಮಕೂರಿನ ಆಚೆ ನಿಲ್ಲಿಸಿದರು, ಫೋಟೊ ನೋಡಿ ಬಿಟ್ಟರು.

ಭಟ್ಟಿಗಳ ಹತ್ತಿರದ ವೃತ್ತದಲ್ಲಿ ಮೂರ್ತಿ ನಿಲ್ಲಬೇಕೆಂಬುದು ನನ್ನ ಮೂಲ ಆಸೆಯಾಗಿತ್ತು. ಅದು ಆಗುವಂಥದ್ದಲ್ಲ. ರಸ್ತೆ, ಪಾದಚಾರಿ ಮಾರ್ಗ ಮತ್ತು ಸಾರ್ವಜನಿಕ ಬಳಕೆಯ ಜಾಗಗಳಲ್ಲಿ ಮೂರ್ತಿ ಸ್ಥಾಪನೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ರಾಜ್ಯ ಸರ್ಕಾರಗಳಿಗೆ ಆದೇಶಿಸಿದೆ. ಮೂರ್ತಿ ಮಾಡಿಸುವ ಸಂಘಗಳು ಇದನ್ನು ತಿಳಿಯದೆ ಮುಂಗಡ ಕೊಟ್ಟು, ಆಮೇಲೆ ಮೂರ್ತಿಯನ್ನು ಗೋಣಿಯಲ್ಲಿ ಸುತ್ತಿ ಗೋದಾಮಿನಲ್ಲಿಡುವುದನ್ನು ನೋಡಿದ್ದೇನೆ. ನೀವು ಕೆಲಸ ಒಪ್ಪುವ ಮೊದಲು ಜಾಗ ಯಾವುದೆಂದು ಕೇಳಿ. ನನಗೆ ಭಟ್ಟಿಯ ಮಾಲೀಕರೇ ತಮ್ಮ ಆವರಣದಲ್ಲಿ ಜಾಗ ಕೊಟ್ಟರು. ಜಾಗ ಅವರದು, ಮೂರ್ತಿ ನನ್ನದು, ಪ್ರದರ್ಶನಕ್ಕೆ ಬೇಕಾದಾಗ ಒಯ್ಯಬಹುದು, ಆವರಣ ಕೈ ಬದಲಾದರೆ ಹಿಂತಿರುಗಿಸಬೇಕು ಎಂದು ಇಬ್ಬರೂ ಸಹಿ ಹಾಕಿದ ಪತ್ರವಿದೆ. ಮೂರ್ತಿಯ ಒಳಗೆ ಬೆಸೆದ ಸ್ಟೀಲ್ ಬೋಲ್ಟ್‌ಗಳನ್ನು ಕಲ್ಲಿನ ಪೀಠದಲ್ಲಿ ಕೊರೆದ ತೂತುಗಳಿಗೆ ಇಳಿಸಿ ಎಪಾಕ್ಸಿ ತುಂಬಿದ್ದೇನೆ; ಕಂಚು ಗುಜರಿಗೂ ಬೆಲೆಬಾಳುವ ವಸ್ತುವಾದ್ದರಿಂದ ಮಾಲೀಕರ ಕ್ಯಾಮೆರಾದ ಕಣ್ಣಿಗೆ ಬೀಳುವ ಜಾಗವನ್ನೇ ಆರಿಸಿದೆವು.

ಅಮ್ಮನವರು ಬಂದು ಸುತ್ತ ಒಂದು ಸುತ್ತು ಹಾಕಿ, ಸೆರಗಿನ ಬೆಸುಗೆಯ ಜಾಗದಲ್ಲೇ ಕೈಯಿಟ್ಟು, "ಇಲ್ಲೇನಾಗಿತ್ತು?" ಎಂದು ಕೇಳಿದರು. ಅಷ್ಟು ಅಚ್ಚುಕಟ್ಟಾಗಿ ಮುಚ್ಚಿದ್ದೇವೆಂದು ಬೀಗುತ್ತಿದ್ದ ನನಗೂ ವೆಲ್ಡರ್‌ಗೂ ಅದು ಸಾಕಾಯಿತು.

ಒಟ್ಟು ಖರ್ಚು ಮಣ್ಣು, ಅಚ್ಚು, ಎರಕ, ಸಾಗಾಣಿಕೆ, ಪೀಠ, ಓಡಾಟ ಎಲ್ಲ ಸೇರಿ ಎಂಬತ್ತು ಸಾವಿರದ ಹತ್ತಿರ ಹೋಗಿದೆ; ನನ್ನ ದುಡಿಮೆಗೆ ಬೆಲೆ ಕಟ್ಟಿಲ್ಲ. ಸಾಲದ ಕಂತುಗಳು ಇನ್ನೂ ಬಾಕಿ ಇವೆ. ರಬ್ಬರ್ ಅಚ್ಚನ್ನು ಕವಚದೊಳಗೇ ಬಿಗಿದು, ಬಿಸಿಲು ಬೀಳದ ಕಡೆ ಮಲಗಿಸದೆ ನಿಲ್ಲಿಸಿ ಇಟ್ಟಿದ್ದೇನೆ, ಬಿಡಿಯಾಗಿ ಇಟ್ಟರೆ ಆಕಾರ ಕೆಡುತ್ತದೆ. ಮುಂದಿನ ವಾರ ಹೈದರಾಬಾದ್‌ನಲ್ಲಿ ಇನ್ನೊಂದು ಸೆಟ್ ಶುರುವಾಗುತ್ತದೆ, ಈ ಬಾರಿ ಆನೆಗಳು. ಅನುಭವಪತ್ರವನ್ನು ಕೆಲಸದ ಕೊನೆಯ ದಿನವೇ ಬರೆದುಕೊಡುವುದಾಗಿ ಕಲಾ ನಿರ್ದೇಶಕರು ಒಪ್ಪಿದ್ದಾರೆ.